ಹೆಣ್ಣು ಕರುವಿನ ಕಡ್ಡಿ: ಹೋರಿಯ ಪಾಲು, ಹಸುವಿನ ಪಾಲು

ಚಿಂತಾಮಣಿ ತಾಲ್ಲೂಕಿನ ನಮ್ಮೂರಲ್ಲಿ ಚಿಕ್ಕಪ್ಪನ ಸೀಮೆಹಸು ಮೂರನೇ ಸಲ ಕರು ಹಾಕಿತು. ಮೂರನೆಯದೂ ಗಂಡು. ಚಿಕ್ಕಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತು, "ಈ ಹಸೂದು ಹೊಟ್ಟೇನೇ ಅಂಥದ್ದು, ಗಂಡು ಬಿಟ್ರೆ ಇನ್ನೊಂದು ಹಾಕಲ್ಲ" ಅಂದರು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಮರುದಿನ ಡೈರಿಗೆ ಹಾಲು ಹಾಕಿ ಬರುವಾಗ ದಾರಿಯಲ್ಲಿ ನನ್ನನ್ನು ಕೇಳಿದರು: "ಹೆಣ್ಣು ಕರೂನೇ ಹುಟ್ಟೋ ಕಡ್ಡಿ ಬಂದದಂತಲ್ಲಪ್ಪ. ನಿಜಾನಾ, ಇಲ್ಲಾ ದುಡ್ಡು ಕೀಳೋ ದಾರೀನಾ?"

ನಿಜ. ಕಡ್ಡಿ ಅಂದರೆ ಕೃತಕ ಗರ್ಭಧಾರಣೆಗೆ ಹೋರಿಯ ವೀರ್ಯ ತುಂಬಿಟ್ಟ ಸಣ್ಣ ನಳಿಕೆ. ಆದರೆ ಅದು ಕೊಡುವ ಭರವಸೆ ಏನು, ಕೊಡದೇ ಇರುವುದು ಏನು ಅನ್ನುವುದು ಊರಲ್ಲಿ ಯಾರಿಗೂ ಸ್ಪಷ್ಟವಿಲ್ಲ. ಡೈರಿ ಮುಂದೆ ನಿಂತರೆ ಒಬ್ಬರು "ಅದನ್ನ ಹಾಕಿಸಿದ್ರೆ ದಿನಕ್ಕೆ ಇಪ್ಪತ್ತು ಲೀಟರ್ ಕೊಡೋ ಕಡಸು ಗ್ಯಾರಂಟಿ" ಅನ್ನುತ್ತಾರೆ, ಇನ್ನೊಬ್ಬರು "ನಾನು ಹಾಕಿಸ್ದೆ, ಗಂಡೇ ಹುಟ್ತು, ಎಲ್ಲಾ ಮೋಸ" ಅನ್ನುತ್ತಾರೆ. ಇಬ್ಬರ ಮಾತೂ ತಪ್ಪು. ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಕಡ್ಡಿಯನ್ನು ಬಿಟ್ಟು, ವೀರ್ಯಾಣು ಮತ್ತು ಅಂಡಾಣು ಹುಟ್ಟುವ ಬಗೆಯನ್ನು ನೋಡಬೇಕು.

ಹೆಣ್ಣು ಕರುವಿಗೆ ಈಗ ಇಷ್ಟು ಹಂಬಲ ಯಾಕೆ ಅನ್ನುವುದಕ್ಕೆ ಹೆಚ್ಚು ಮಾತು ಬೇಕಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ನಂಬಿದ ಕೋಲಾರ–ಚಿಕ್ಕಬಳ್ಳಾಪುರದ ಒಣಸೀಮೆಯಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಕಾಸು ಕಾಣಿಸುವುದು ಹಾಲಿನಿಂದ, ರೇಷ್ಮೆಗೂಡಿನಿಂದ. ಹಿಂದೆ ಗಂಡು ಕರು ಅಂದರೆ ನಾಳಿನ ಎತ್ತು. ಈಗ ಉಳುಮೆ ಟ್ರ್ಯಾಕ್ಟರಿನದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಅನ್ನುವ ಸೀಮೆಹಸು) ಮಿಶ್ರತಳಿಯ ಗಂಡು ಕರುವಿಗೆ ನೊಗ ಕೂರುವಂಥ ಹಿಣಿಲೂ ಇರುವುದಿಲ್ಲ, ನಮ್ಮ ಬಿಸಿಲು ತಡೆಯುವ ತಾಕತ್ತೂ ಇರುವುದಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಅದನ್ನು ಕೊಳ್ಳುವವರೂ ಇಲ್ಲ. ಸಾಕಿದರೆ ಬೂಸಾ ದಂಡ, ಬಿಟ್ಟರೆ ಬೀದಿಪಾಲು. ರಾತ್ರೋರಾತ್ರಿ ಗುಡಿ ಹತ್ತಿರ ಕಟ್ಟಿಹೋದ ಕರುಗಳನ್ನು ನಮ್ಮ ಕಡೆ ಯಾರು ನೋಡಿಲ್ಲ?

ಅರ್ಧಕ್ಕಿಳಿಸುವ ಲೆಕ್ಕ

ಹಸುವಿನ ಮೈಯ ಒಂದೊಂದು ಜೀವಕೋಶದಲ್ಲೂ 60 ವರ್ಣತಂತುಗಳು, ಅಂದರೆ ಹುಟ್ಟುಗುಣಗಳನ್ನು ಹೊತ್ತ ಎಳೆಗಳು (ಕ್ರೋಮೋಸೋಮ್). ಒಟ್ಟು 30 ಜೋಡಿ. ನಮ್ಮಲ್ಲಿ 46, 23 ಜೋಡಿ. ಪ್ರತಿ ಜೋಡಿಯಲ್ಲೂ ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು. ಗಾಯ ಮಾಯುವಾಗ, ಕರು ಬೆಳೆಯುವಾಗ ಕೋಶ ಎರಡಾಗುವುದು ಸರಳ ಕೆಲಸ: ಎಲ್ಲದಕ್ಕೂ ಒಂದೊಂದು ನಕಲು ತೆಗೆದು ಆ ಕಡೆ 60, ಈ ಕಡೆ 60 ಹಂಚಿದರೆ ಮುಗಿಯಿತು. ವೀರ್ಯಾಣು, ಅಂಡಾಣುವೂ ಹೀಗೇ ಹುಟ್ಟಿದರೆ ಕರುವಿಗೆ 120, ಅದರ ಕರುವಿಗೆ 240 ಆಗಿ ನಾಲ್ಕೇ ತಲೆಮಾರಿಗೆ ಲೆಕ್ಕ ಕೈಮೀರುತ್ತದೆ. ಎಲ್ಲೋ ಒಂದು ಕಡೆ ಅರ್ಧವಾಗಲೇಬೇಕು.

ಅದು ನಡೆಯುವುದು ನಿಜವೇ ಅಂತ ಸೂಕ್ಷ್ಮದರ್ಶಕದಲ್ಲಿ ಹುಡುಕಿದವರಲ್ಲಿ ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್ ಮುಖ್ಯ. 1883ರಲ್ಲಿ ಅವರು ನೋಡಿದ್ದು ಕುದುರೆಯ ಹೊಟ್ಟೆಯ ಜಂತುಹುಳುವನ್ನು. ಅದರಲ್ಲಿ ವರ್ಣತಂತುಗಳು ನಾಲ್ಕೇ ಆದ್ದರಿಂದ ಎಣಿಸುವುದು ಸುಲಭ. ತಂದೆಯಿಂದ ಎರಡು, ತಾಯಿಯಿಂದ ಎರಡು ಬಂದು ಸೇರುವುದು ಕಣ್ಣಿಗೆ ಬಿತ್ತು. ಅರ್ಧ ಮಾಡುವ ವಿಭಜನೆ ಇರಲೇಬೇಕು ಅಂತ ಜರ್ಮನಿಯ ಆಗಸ್ಟ್ ವೈಸ್‌ಮನ್ ಅದೇ ದಶಕದಲ್ಲಿ ವಾದಿಸಿದರು. 1905ರಲ್ಲಿ ಇಂಗ್ಲೆಂಡಿನ ಫಾರ್ಮರ್ ಮತ್ತು ಮೂರ್ ಕೊಟ್ಟ ಹೆಸರು ಮಿಯಾಸಿಸ್ ಆಗಿ ಉಳಿಯಿತು. ಗ್ರೀಕಿನಲ್ಲಿ ಕಡಿಮೆಯಾಗುವುದು ಅಂತ ಅರ್ಥ.

ಮಿಯಾಸಿಸ್‌ನಲ್ಲಿ ನಕಲು ಒಂದು ಸಲ, ವಿಭಜನೆ ಎರಡು ಸಲ. ನನಗೆ ಇದು ನಮ್ಮೂರಿನ ಪಾಲುಪಟ್ಟಿಯ ಹಾಗೇ ಕಾಣುತ್ತದೆ. ಮೊದಲು ಜೋಡಿ ವರ್ಣತಂತುಗಳು ಒಂದನ್ನೊಂದು ಹುಡುಕಿಕೊಂಡು ಪಕ್ಕಪಕ್ಕ ಬಂದು ಮಲಗುತ್ತವೆ. ಆಮೇಲೆ ಅಲ್ಲಲ್ಲಿ ತುಂಡಾಗಿ, ಈ ಕಡೆಯ ತುಂಡು ಆ ಕಡೆಗೆ, ಆ ಕಡೆಯದು ಈ ಕಡೆಗೆ ಅಂಟಿಕೊಳ್ಳುತ್ತದೆ. "ಬಾವಿ ಕಡೆಯ ಹತ್ತು ಗುಂಟೆ ನೀನಿಟ್ಕೋ, ಅಷ್ಟೇ ಅಳತೇದು ಕೆರೆ ಕಡೆ ನನಗಿರಲಿ" ಅಂತ ಅಣ್ಣತಮ್ಮಂದಿರು ಬದಲಾಯಿಸಿಕೊಂಡ ಹಾಗೆ. ವ್ಯತ್ಯಾಸ ಒಂದೇ: ಇಲ್ಲಿ ಬದಲಾಗುವುದು ಸರಿಯಾಗಿ ಅದೇ ಜಾಗದ ತುಂಡು, ಒಂದು ಗೇಣೂ ಹೆಚ್ಚುಕಡಿಮೆ ಇಲ್ಲ. ಬದಲಾವಣೆ ಮುಗಿದ ಮೇಲೆ ಮೊದಲ ವಿಭಜನೆಯಲ್ಲಿ ಜೋಡಿಗಳು ಅಗಲುತ್ತವೆ. ಯಾವುದು ಯಾವ ಕಡೆ ಅನ್ನುವುದಕ್ಕೆ ಚೀಟಿ ಎತ್ತಿದ ಹಾಗೆ, ಯಾವ ನಿಯಮವೂ ಇಲ್ಲ. ಎರಡನೇ ವಿಭಜನೆಯಲ್ಲಿ ನಕಲುಗಳು ಬೇರೆಯಾಗಿ, ಕೊನೆಗೆ ಕೋಶಕ್ಕೆ 30 ಉಳಿಯುತ್ತವೆ.

ಆ ಚೀಟಿಯ ಲೆಕ್ಕವನ್ನು ಹಗುರವಾಗಿ ನೋಡಬೇಡಿ. 30 ಜೋಡಿಯಲ್ಲಿ ಒಂದೊಂದು ಜೋಡಿಗೂ ಎರಡು ಸಾಧ್ಯತೆ ಅಂದರೆ ಒಟ್ಟು 107 ಕೋಟಿಗೂ ಹೆಚ್ಚು ಬಗೆಯ ವೀರ್ಯಾಣು. ತುಂಡು ಬದಲಾವಣೆಯನ್ನು ಸೇರಿಸಿದರೆ ಲೆಕ್ಕಕ್ಕೆ ಕೊನೆಯೇ ಇಲ್ಲ. ಒಂದೇ ಹೋರಿಯ ಎರಡು ವೀರ್ಯಾಣು ತದ್ರೂಪು ಆಗಿರುವುದು ಹೆಚ್ಚುಕಡಿಮೆ ಅಸಾಧ್ಯ. ಈ ಮಾತು ಮುಂದೆ ಬೇಕಾಗುತ್ತದೆ.

30ರಲ್ಲಿ 29 ಜೋಡಿಗಳು ಸರಿಜೋಡಿ. ಮೂವತ್ತನೆಯದು ಹಸುವಿನಲ್ಲಿ ಎಕ್ಸ್–ಎಕ್ಸ್, ಹೋರಿಯಲ್ಲಿ ಎಕ್ಸ್–ವೈ. ಎಕ್ಸ್ ದೊಡ್ಡದು, ವೈ ಕುಳ್ಳು. ಹೋರಿಯ ಬೀಜದಲ್ಲಿ ಈ ಎರಡೂ ಮೊದಲ ವಿಭಜನೆಯಲ್ಲಿ ಅಗಲುವುದರಿಂದ ಅರ್ಧ ವೀರ್ಯಾಣುಗಳಿಗೆ ಎಕ್ಸ್, ಅರ್ಧಕ್ಕೆ ವೈ. ಅಂಡಾಣುಗಳಿಗೆಲ್ಲ ಎಕ್ಸೇ. ಹಿಟ್ಟಿನಲ್ಲಿ ಬೀಳುವ ಹುಳುವಿನ ವರ್ಣತಂತುಗಳನ್ನು ಎಣಿಸಿ, ಹೋಲಿಸಿ, ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುವುದು ಈ ಕುಳ್ಳು ವರ್ಣತಂತು ಅಂತ 1905ರಲ್ಲಿ ತೋರಿಸಿದವರು ಅಮೆರಿಕದ ನೆಟ್ಟಿ ಸ್ಟೀವನ್ಸ್.

ಹಾಗಾದರೆ ಚಿಕ್ಕಪ್ಪನ ಹಸು ಸಾಲಾಗಿ ಮೂರು ಗಂಡು ಹಾಕಿದ್ದು? ಅರ್ಧದ ಅರ್ಧದ ಅರ್ಧ, ಅಂದರೆ ಎಂಟರಲ್ಲಿ ಒಂದು. ಮೂರು ಸಲ ಕರು ಹಾಕಿದ ನೂರು ಹಸು ಇರುವ ಊರಲ್ಲಿ ಸುಮಾರು ಹನ್ನೆರಡು ಹಸುಗಳು ಹೀಗೆ ಹಾಕಿರುತ್ತವೆ, ಇನ್ನು ಹನ್ನೆರಡು ಮೂರೂ ಹೆಣ್ಣು ಹಾಕಿ "ಲಕ್ಷ್ಮಿ" ಅನ್ನಿಸಿಕೊಂಡಿರುತ್ತವೆ. ಹೊಟ್ಟೆಯ ಗುಣವಲ್ಲ.

ಶೇಕಡಾ ನಾಲ್ಕರ ಹಿಡಿ

ಎಕ್ಸ್ ದೊಡ್ಡದಾದ್ದರಿಂದ ಎಕ್ಸ್ ಹೊತ್ತ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ 4ರಷ್ಟು ಹೆಚ್ಚು. ಅದಕ್ಕೆ ಬೇರೆ ಬಣ್ಣವಿಲ್ಲ, ಬೇರೆ ಆಕಾರವಿಲ್ಲ. ಹಿಡಿಯಲು ಸಿಗುವುದು ಇಷ್ಟೇ. ಡಿಎನ್‌ಎಗೆ ಅಂಟುವ ಬಣ್ಣ ಹಾಕಿ, ವೀರ್ಯಾಣುಗಳನ್ನು ಒಂದೊಂದಾಗಿ ಸಾಲಿನಲ್ಲಿ ಹರಿಸಿ ಲೇಸರ್ ಬೆಳಕು ಬಿಟ್ಟರೆ ಎಕ್ಸಿನದು ಚೂರು ಹೆಚ್ಚು ಹೊಳೆಯುತ್ತದೆ. ಯಂತ್ರ ಆ ಹೊಳಪನ್ನು ಅಳೆದು, ವೀರ್ಯಾಣು ಇರುವ ಹನಿಗೆ ವಿದ್ಯುತ್ತಿನ ಗುರುತು ಹಾಕಿ, ಎಡಕ್ಕೋ ಬಲಕ್ಕೋ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ ಸಾವಿರಾರು. ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದ ಲಾರೆನ್ಸ್ ಜಾನ್ಸನ್ ಮತ್ತು ಜೊತೆಗಾರರು 1989ರಲ್ಲಿ ಮೊಲಗಳಲ್ಲಿ ಇದನ್ನು ಮಾಡಿ ತೋರಿಸಿದರು. ತಂತ್ರ ಬಹುಕಾಲ ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಬೆಲೆ ಇಳಿಸುವ ಉದ್ದೇಶದಿಂದ ನಮ್ಮದೇ ತಂತ್ರ ಬಿಡುಗಡೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಗೋಕುಲ ಮಿಷನ್ ಅಡಿ ಈ ಕಡ್ಡಿಗೆ ಸಹಾಯಧನವೂ ಇದೆ. ಇಲಾಖೆಯ ಕಾಗದದಲ್ಲಿ ಇದರ ಹೆಸರು ಲಿಂಗ ನಿರ್ಧರಿತ ವೀರ್ಯ ನಳಿಕೆ. ನಮ್ಮೂರಲ್ಲಿ ಹೆಣ್ಣು ಕಡ್ಡಿ.

ಈಗ ಡೈರಿ ಮುಂದಿನ ಇಬ್ಬರ ಮಾತಿಗೆ ಬರೋಣ. "ಗಂಡೇ ಹುಟ್ತು, ಮೋಸ" ಅಂದವರು ಮೊದಲು. ಹೊಳಪಿನ ವ್ಯತ್ಯಾಸ ಅಷ್ಟು ಸಣ್ಣದಾದ್ದರಿಂದ ಯಂತ್ರ ಸುಮಾರು ಶೇ 90ರಷ್ಟು ಸರಿಯಾಗಿ ಆರಿಸುತ್ತದೆ, ಪೂರ್ತಿ ಅಲ್ಲ. ಹತ್ತು ಕರುವಿನಲ್ಲಿ ಒಂದು ಗಂಡು ಅಂದರೆ ಮಾತು ಉಳಿಸಿಕೊಂಡಂತೆಯೇ. ಸಾಲಾಗಿ ಮೂರು ಸಲ ಹೆಣ್ಣು ಕಡ್ಡಿ ಹಾಕಿಸಿದರೂ ಮೂರೂ ಹೆಣ್ಣಾಗುವ ಸಾಧ್ಯತೆ ಶೇ 73 ಮಾತ್ರ. ಗಂಡು ಹುಟ್ಟಿದವರು ಮಾತಾಡುತ್ತಾರೆ, ಹೆಣ್ಣು ಹುಟ್ಟಿದವರು ಸುಮ್ಮನೆ ಹಾಲು ಕರೆಯುತ್ತಾರೆ.

ಇದಕ್ಕಿಂತ ದೊಡ್ಡ ಸಂಗತಿ, ಮಾರುವವರು ಮೆಲ್ಲಗೆ ಹೇಳುವಂಥದ್ದು, ಗಬ್ಬ ಕಟ್ಟುವ ಪ್ರಮಾಣ. ಮಾಮೂಲಿ ಕಡ್ಡಿಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣು ಇದ್ದರೆ ಹೆಣ್ಣು ಕಡ್ಡಿಯಲ್ಲಿ 20 ಲಕ್ಷದಷ್ಟು. ಬಣ್ಣ, ಲೇಸರ್, ಒತ್ತಡ ದಾಟಿ ಬಂದವು ಬೇರೆ. ಬಳಲಿರುತ್ತವೆ, ಆಯಸ್ಸೂ ಕಡಿಮೆ. ಒಂದು ಉದಾಹರಣೆ ಲೆಕ್ಕ ಹಾಕಿ ನೋಡಿ. ಮಾಮೂಲಿ ಕಡ್ಡಿ ನೂರು ಹಸುವಿಗೆ ಹಾಕಿಸಿ 40 ಗಬ್ಬ ಕಟ್ಟಿದರೆ ಹೆಣ್ಣು ಕರು 20. ಹೆಣ್ಣು ಕಡ್ಡಿಯಲ್ಲಿ ಗಬ್ಬ 32ಕ್ಕೆ ಇಳಿದರೂ ಹೆಣ್ಣು ಕರು 29 ಸಿಗುತ್ತದೆ. ಲಾಭವೇ. ಆದರೆ ಎಂಟು ಹಸುಗಳು ಇನ್ನೂ 21 ದಿನ ಖಾಲಿ ತಿನ್ನುತ್ತವೆ, ಒಂದೇ ಹಸು ಇರುವ ಮನೆಗೆ ಆ ಎಂಟರಲ್ಲೊಂದು ತನ್ನದಾದರೆ ಈ ಸರಾಸರಿ ಹೊಟ್ಟೆ ತುಂಬಿಸುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಮೇವು ಸರಿಯಿಲ್ಲದ, ಈಗಾಗಲೇ ಎರಡು ಸಲ ಗಬ್ಬ ನಿಲ್ಲದ ಹಸುವಿಗೆ ಇದನ್ನು ಹಾಕಿಸುವುದು ದುಡ್ಡು ಕಳೆದುಕೊಂಡಂತೆ. ಮೈಕೈ ತುಂಬಿಕೊಂಡ ಕಡಸಿಗಾದರೆ ಹೇಳಿಮಾಡಿಸಿದ್ದು. ಕಡಸುಗಳು ಚೆನ್ನಾಗಿ ಗಬ್ಬ ಕಟ್ಟುತ್ತವೆ, ಜೊತೆಗೆ ಹೆಣ್ಣು ಕರು ಸ್ವಲ್ಪ ಸಣ್ಣದಾದ್ದರಿಂದ ಚೊಚ್ಚಲ ಹೆರಿಗೆಯ ಕಷ್ಟವೂ ಕಡಿಮೆ.

ಇನ್ನು "ಇಪ್ಪತ್ತು ಲೀಟರ್ ಗ್ಯಾರಂಟಿ" ಅಂದವರು. ಯಂತ್ರ ನೋಡುವುದು ಡಿಎನ್‌ಎ ಎಷ್ಟಿದೆ ಅನ್ನುವುದನ್ನು, ಅದರಲ್ಲಿ ಏನು ಬರೆದಿದೆ ಅನ್ನುವುದನ್ನಲ್ಲ. ಮೂವತ್ತನೇ ಜೋಡಿಯ ಚೀಟಿಯನ್ನು ಅದು ನಮಗೆ ಬೇಕಾದ ಹಾಗೆ ಎತ್ತಿಕೊಡುತ್ತದೆ. ಉಳಿದ 29 ಜೋಡಿಯ ಚೀಟಿ, ಅವುಗಳ ತುಂಡು ಬದಲಾವಣೆ, ಎಲ್ಲವೂ ಬೀಜದಲ್ಲಿ ಆಗಿಹೋದದ್ದು. ಹಾಲಿನ ಗುಣ ಆ 29ರಲ್ಲೂ ಹರಡಿಕೊಂಡಿದೆ. ಒಂದೇ ಹೋರಿ, ಒಂದೇ ಹಸುವಿಗೆ ಹುಟ್ಟಿದ ಅಕ್ಕತಂಗಿ ಕಡಸುಗಳ ನಡುವೆಯೂ, ಆ ತಳಿಯಲ್ಲಿರುವ ಒಟ್ಟು ಆನುವಂಶಿಕ ವ್ಯತ್ಯಾಸದ ಅರ್ಧದಷ್ಟು ಉಳಿದೇ ಇರುತ್ತದೆ ಅಂತ ತಳಿಶಾಸ್ತ್ರದ ಲೆಕ್ಕ. ಅಕ್ಕ ಹದಿನೆಂಟು ಲೀಟರ್, ತಂಗಿ ಹನ್ನೊಂದು ಅಂದರೆ ಕಡ್ಡಿ ಕೊಟ್ಟವರ ಮೋಸವಲ್ಲ, ಮಿಯಾಸಿಸ್‌ನ ಆಟ. ಸಾಲದ್ದಕ್ಕೆ ಕರುವಿನ ಅರ್ಧ ಪಾಲು ತಾಯಿಯದು. ಆ ಅರ್ಧಕ್ಕೆ ಯಾವ ಯಂತ್ರವೂ ಕೈಹಾಕಿಲ್ಲ. ಹೋರಿಯನ್ನಾದರೂ ಪರೀಕ್ಷೆ ಮಾಡಿರುತ್ತಾರೆ. ವೀರ್ಯ ಕೇಂದ್ರಗಳಲ್ಲಿ ಹೋರಿಯ ವರ್ಣತಂತುಗಳನ್ನು ಎಣಿಸಿ ನೋಡುವ ನಿಯಮವೇ ಇದೆ. ಎರಡು ವರ್ಣತಂತು ಅಂಟಿಕೊಂಡು 60ರ ಬದಲು 59 ಆಗಿರುವ ಹೋರಿ ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ, ಆದರೆ ಪಾಲು ಮಾಡುವಾಗ ಎಡವುತ್ತದೆ. ಅದರ ಕೆಲವು ವೀರ್ಯಾಣುಗಳಲ್ಲಿ ಒಂದು ಹೆಚ್ಚು, ಕೆಲವದರಲ್ಲಿ ಒಂದು ಕಡಿಮೆ, ಅಂಥ ಗರ್ಭ ನಿಲ್ಲುವುದಿಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಕೆಂಪು ದನಗಳಲ್ಲಿ ಮೊದಲು ಕಂಡದ್ದು ಇದು.

ಕೋರ್ಟಿನಲ್ಲಿ ನಿಂತ ದಾವೆ

ಹೋರಿಯ ಕಡೆ ಪಾಲು ಬೇಗ ಮುಗಿಯುತ್ತದೆ. ಒಂದು ಕೋಶದಿಂದ ನಾಲ್ಕು ವೀರ್ಯಾಣು, ನಾಲ್ವರಿಗೂ ಸಮಪಾಲು. ಬುಡದ ಕೋಶದಿಂದ ಶುರುವಾಗಿ ಎರಡು ತಿಂಗಳಿನಷ್ಟರಲ್ಲಿ ಸಿದ್ಧ, ದಿನವೂ ಕೋಟಿಗಟ್ಟಲೆ.

ಹಸುವಿನ ಕಡೆ ನೋಡಿದರೆ ನಮ್ಮ ತಾಲ್ಲೂಕು ಕೋರ್ಟಿನ ವಿಭಾಗದ ದಾವೆ ನೆನಪಾಗುತ್ತದೆ. ಅಂಡಾಣುವಿನ ಮಿಯಾಸಿಸ್ ಶುರುವಾಗುವುದು ಆ ಹಸು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ. ಜೋಡಿಗಳು ಪಕ್ಕಪಕ್ಕ ಕೂತು ತುಂಡು ಬದಲಾಯಿಸಿಕೊಳ್ಳುತ್ತವೆ, ಅಷ್ಟರಲ್ಲಿ ತಡೆಯಾಜ್ಞೆ. ಹುಟ್ಟಿ, ಕಡಸಾಗಿ, ಬೆದೆಗೆ ಬರುವವರೆಗೆ ಎಲ್ಲವೂ ಅಲ್ಲೇ ನಿಂತಿರುತ್ತದೆ. ಒಂದೊಂದು ಬೆದೆಗೂ ಸಾಮಾನ್ಯವಾಗಿ ಒಂದು ಅಂಡಾಣುವಿಗೆ ಮಾತ್ರ ತಡೆಯಾಜ್ಞೆ ತೆರವು. ಮೊದಲ ವಿಭಜನೆ ಮುಗಿಯುತ್ತದೆ, ಆದರೆ ಎಂಥ ಪಾಲು! ಒಂದು ಕೋಶಕ್ಕೆ ಮನೆ, ಹೊಲ, ಕಣಜ ಎಲ್ಲಾ. ಇನ್ನೊಂದಕ್ಕೆ ಬರೀ ವರ್ಣತಂತುಗಳ ಕಡತ, ಅದು ಮೂಲೆಯಲ್ಲಿ ಒಣಗಿಹೋಗುತ್ತದೆ. ಅನ್ಯಾಯ ಅನ್ನಿಸಿದರೂ ಕಾರಣವಿದೆ. ಕರುವಿನ ಮೊದಲ ದಿನಗಳ ಬುತ್ತಿ ಆ ಒಂದು ಅಂಡಾಣುವಿನಲ್ಲೇ ಇರಬೇಕು. ಆಮೇಲೆ ಎರಡನೇ ವಿಭಜನೆಯ ನಡುವೆ ಮತ್ತೆ ತಡೆ. ಅದು ತೆರವಾಗುವುದು ವೀರ್ಯಾಣು ಒಳಗೆ ಬಂದಾಗ. ಬರದಿದ್ದರೆ ಅಂಡಾಣು ಪಾಲು ಮುಗಿಸದೇ ಸಾಯುತ್ತದೆ.

"ಬೆಳಿಗ್ಗೆ ಬೆದೆ ಕಂಡ್ರೆ ಸಂಜೆ ಹಾಕ್ಸು, ಸಂಜೆ ಕಂಡ್ರೆ ಬೆಳಿಗ್ಗೆ" ಅನ್ನುವ ಮಾತು ಈ ದಾವೆಯ ದಿನಾಂಕದ್ದೇ. ಬೆದೆ ಹನ್ನೆರಡರಿಂದ ಹದಿನೆಂಟು ಗಂಟೆ. ಅದು ಇಳಿದು ಮತ್ತೆ ಹತ್ತು ಹನ್ನೆರಡು ಗಂಟೆಗೆ ಅಂಡಾಣು ಹೊರಬರುತ್ತದೆ. ಹೆಣ್ಣು ಕಡ್ಡಿಯ ವೀರ್ಯಾಣುಗಳಿಗೆ ಆಯಸ್ಸು ಕಡಿಮೆಯಾದ್ದರಿಂದ ಸ್ವಲ್ಪ ತಡವಾಗಿ ಹಾಕಿಸಿದರೇ ಮೇಲು. ಹಸು ಕೂಗಿದ ತಕ್ಷಣ ಫೋನ್ ಮಾಡಿ, ಬಂದವರು ಅವಸರಕ್ಕೆ ಕಡ್ಡಿ ಹಾಕಿ ಹೋದರೆ, ಅಂಡಾಣು ಇಳಿಯುವ ಹೊತ್ತಿಗೆ ಕಾಯುವವರು ಯಾರೂ ಉಳಿದಿರುವುದಿಲ್ಲ.

ಹೆಂಗಸರಲ್ಲೂ ಇದೇ ಕಥೆ, ತಡೆಯಾಜ್ಞೆ ಇನ್ನೂ ಉದ್ದ. ಮೂವತ್ತೈದರ ತಾಯಿಯ ಅಂಡಾಣು ಮೂವತ್ತೈದು ವರ್ಷ ಜೋಡಿ ಹಿಡಿದು ಕಾದದ್ದು. ಕಾದಷ್ಟೂ ಜೋಡಿಯನ್ನು ಹಿಡಿದಿಟ್ಟ ಕಟ್ಟು ಸಡಿಲವಾಗಿ, ಅಗಲುವಾಗ ತಪ್ಪಾಗುವುದು ಹೆಚ್ಚುತ್ತದೆ. 21ನೇ ವರ್ಣತಂತು ಎರಡರ ಬದಲು ಮೂರಾದರೆ ಡೌನ್ ಸಿಂಡ್ರೋಮ್. ನಲವತ್ತರ ತಾಯಂದಿರಲ್ಲಿ ಸುಮಾರು ನೂರಕ್ಕೆ ಒಂದು.

ಗೂಡಿನ ಮನೆಯಲ್ಲಿ ತಿರುವುಮುರುವು

ಇಷ್ಟನ್ನೂ ಒಂದು ಸಂಜೆ ಚಿಕ್ಕಮ್ಮನಿಗೆ ಹೇಳಿದೆ. ಅವರು ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದರು. ಬೆಳಿಗ್ಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕು. "ಹಂಗಾದ್ರೆ ಎಲ್ಲದ್ರಲ್ಲೂ ಗಂಡಿಂದೇ ತೀರ್ಮಾನಾನಾ?" ಅಂದರು. ಇಲ್ಲ, ಅವರ ಕೈಲಿದ್ದ ಹುಳುವಿನಲ್ಲೇ ಇಲ್ಲ. ರೇಷ್ಮೆಹುಳುವಿನಲ್ಲಿ ಹೆಣ್ಣಿಗೆ ಝಡ್–ಡಬ್ಲ್ಯೂ, ಗಂಡಿಗೆ ಝಡ್–ಝಡ್. ಅಲ್ಲಿ ಚೀಟಿ ಎತ್ತುವುದು ಮೊಟ್ಟೆ. ಡಬ್ಲ್ಯೂ ಇದ್ದರೆ ಹೆಣ್ಣು ಅಂತ ಜಪಾನಿನ ಹಶಿಮೊಟೊ 1933ರಲ್ಲಿ ತೋರಿಸಿದರು. ಕೋಳಿಯಲ್ಲೂ ಚೀಟಿ ಎತ್ತುವುದು ಮೊಟ್ಟೆಯೇ. ಇನ್ನೂ ವಿಚಿತ್ರ ಅಂದರೆ ಹೆಣ್ಣು ರೇಷ್ಮೆಹುಳುವಿನ ಮಿಯಾಸಿಸ್‌ನಲ್ಲಿ ತುಂಡು ಬದಲಾವಣೆಯೇ ಇಲ್ಲ. ಅಜ್ಜನ ವರ್ಣತಂತು ಇಡಿಯಾಗಿ ಮೊಮ್ಮಗುವಿಗೆ ಹೋಗಬಹುದು. ಗಂಡಿನಲ್ಲಿ ಮಾತ್ರ ಬದಲಾವಣೆ.

ಇನ್ನೊಂದು ವ್ಯತ್ಯಾಸ ನೋಡಿ. ಕೊಟ್ಟಿಗೆಯಲ್ಲಿ ನಮಗೆ ಹೆಣ್ಣು ಬೇಕು, ಗೂಡಿನ ಮನೆಯಲ್ಲಿ ಗಂಡು ಸಿಕ್ಕರೆ ಮೇಲು. ಹೆಣ್ಣು ಹುಳು ತಿಂದದ್ದನ್ನು ಮೊಟ್ಟೆಗೂ ಇಡಬೇಕು. ಗಂಡು ಅದನ್ನು ನೂಲಿಗೇ ಹಾಕುವುದರಿಂದ ಗೂಡಿನ ತೂಕದಲ್ಲಿ ರೇಷ್ಮೆಯ ಪಾಲು ಹೆಚ್ಚು. ನಾವು ಬೆಳೆಯುವ ಮಿಶ್ರತಳಿ ಗೂಡಿನಿಂದ ನಾವೇ ಮೊಟ್ಟೆ ತೆಗೆದು ಸಾಕದೇ ಇರುವುದಕ್ಕೂ ಕಾರಣ ಈ ಪಾಲೇ. ಮೈಸೂರು ತಳಿಯ ಹೆಣ್ಣು, ಸಿಎಸ್‌ಆರ್2 ಅನ್ನುವ ಇನ್ನೊಂದು ತಳಿಯ ಗಂಡು ಸೇರಿಸಿದ ಮೊದಲ ತಲೆಮಾರು ಏಕರೂಪ. ಅದರ ಮೊಟ್ಟೆಯಲ್ಲಿ ಎರಡೂ ಕಡೆಯ ವರ್ಣತಂತುಗಳು ಮತ್ತೆ ಚೀಟಿ ಎತ್ತಿಕೊಂಡು, ಮುಂದಿನ ತಲೆಮಾರಿನಲ್ಲಿ ಒಂದು ಹಳದಿ, ಒಂದು ಬಿಳಿ, ಒಂದು ಗಟ್ಟಿ, ಒಂದು ಸಡಿಲ. ಹೈಬ್ರಿಡ್ ಟೊಮೆಟೊ ಬೀಜ ಉಳಿಸಿಕೊಂಡು ನಾಟಿ ಮಾಡಿ ಕೈಸುಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಚಿಕ್ಕಮ್ಮ ಗೂಡು ಬಿಡಿಸುವುದನ್ನು ನಿಲ್ಲಿಸಿದ್ದರು. ಅವರಿಗೆ ಮೂವರು ಹೆಣ್ಣುಮಕ್ಕಳು. ಮೂರನೆಯವಳು ಹುಟ್ಟಿದಾಗ ನಮ್ಮಜ್ಜಿ ಅವರನ್ನು ಏನಂದಿದ್ದರು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚುಕಡಿಮೆ ಈಗ ಹಸುವಿನ ಬಗ್ಗೆ ಅವರೇ ಅಂದ ಮಾತು, ಗಂಡಿನ ಜಾಗದಲ್ಲಿ ಹೆಣ್ಣು.

"ಹಂಗಾದ್ರೆ ನಮ್ಮತ್ತೆ ಅಂದಿದ್ದು?"

"ತಪ್ಪು ಚಿಕ್ಕಮ್ಮ. ಎಂಟರಲ್ಲಿ ಒಂದು ಮನೇಲಿ ಹಂಗೇ ಆಗುತ್ತೆ. ಚೀಟಿ ನಿಮ್ಮ ಕೈಲಿ ಇರಲೇ ಇಲ್ಲ."

ಅವರು ಚಿಕ್ಕಪ್ಪನ ಕಡೆ ನೋಡಿದರು. ಚಿಕ್ಕಪ್ಪ ಟಿವಿ ನೋಡುತ್ತಿದ್ದರು. ಚೀಟಿ ಚಿಕ್ಕಪ್ಪನ ಕೈಲೂ ಇರಲಿಲ್ಲ ಅಂತ ಸೇರಿಸಬೇಕು ಅನ್ನಿಸಿತು, ಸೇರಿಸಲಿಲ್ಲ.

ಹೆಣ್ಣು ಕಡ್ಡಿಯ ಸುದ್ದಿ ಕೇಳಿದವರಲ್ಲಿ ಕೆಲವರು ದನಿ ತಗ್ಗಿಸಿ ಇನ್ನೊಂದನ್ನು ಕೇಳುತ್ತಾರೆ: ಮನುಷ್ಯರಿಗೂ ಹೀಗೆ ಗಂಡು ಆರಿಸಿಕೊಳ್ಳಬಹುದಾ? ತಂತ್ರದ ಮಟ್ಟಿಗೆ ಹೌದು. ನಮ್ಮ ವೀರ್ಯಾಣುಗಳಲ್ಲೂ ವ್ಯತ್ಯಾಸವಿದೆ, ಹಸುವಿಗಿಂತ ಸಣ್ಣದು. ಕಾನೂನಿನ ಮಟ್ಟಿಗೆ ಅಪರಾಧ. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಗೆ 2003ರಲ್ಲಿ ಬಂದ ತಿದ್ದುಪಡಿ ಗರ್ಭ ನಿಲ್ಲುವ ಮೊದಲಿನ ಲಿಂಗ ಆಯ್ಕೆಯನ್ನೂ ನಿಷೇಧಿಸಿತು. ಸ್ಕ್ಯಾನಿಂಗ್ ಮಾಡಿ ಹೇಳುವುದು ಹೇಗೆ ತಪ್ಪೋ, ವೀರ್ಯಾಣು ಬೇರ್ಪಡಿಸಿ ಕೊಡುವುದೂ ಹಾಗೇ ತಪ್ಪು. ಕೊಟ್ಟಿಗೆಯಲ್ಲಿ ಸಹಾಯಧನ ಸಿಗುವ ಕೆಲಸಕ್ಕೆ ಮನೆಯೊಳಗೆ ಜೈಲು. ಇದು ಇರಬೇಕಾದದ್ದೇ ಹೀಗೆ ಅಂತ ನಾನು ನಂಬುತ್ತೇನೆ; ಕೇಳಿದವರು ನನ್ನ ಉತ್ತರಕ್ಕೆ ತಲೆಯಾಡಿಸಿದರೂ ಕಣ್ಣಲ್ಲಿ ಒಪ್ಪಿದ ಹಾಗೆ ಕಾಣಲಿಲ್ಲ.

ಚಿಕ್ಕಪ್ಪ ಆಮೇಲೆ ಒಂದು ಕಡಸು ತಂದರು. ಒಂದು ಸಂಜೆ ಅದು ಕೂಗಿತು. ಆಗಲೇ ಫೋನ್ ತೆಗೆದಿದ್ದರು, ಚಿಕ್ಕಮ್ಮ ತಡೆದರು: "ಬೆಳಿಗ್ಗೆ ಕರೀರಿ, ಈಗ ಬ್ಯಾಡ." ಬೆಳಿಗ್ಗೆ ಹೆಣ್ಣು ಕಡ್ಡಿ ಹಾಕಿಸಿದರು. ಇಪ್ಪತ್ತೊಂದನೇ ದಿನ ಕೂಗಲಿಲ್ಲ. ಮೂರು ತಿಂಗಳಿಗೆ ಕೈಹಾಕಿ ನೋಡಿದ ಡಾಕ್ಟರು ಗಬ್ಬ ನಿಂತಿದೆ ಅಂದರು. ಹೆಣ್ಣೇ ತಾನೇ ಅಂತ ಚಿಕ್ಕಪ್ಪ ನನ್ನನ್ನು ಕೇಳಿದರು. ಹತ್ತಕ್ಕೆ ಒಂಬತ್ತು ಅಂದೆ.

"ಆ ಹತ್ತನೇದು ನಮ್ಮ ಕೊಟ್ಟಿಗೇಲೇ ಹುಟ್ಟುತ್ತೆ, ನೋಡ್ತಿರು" ಅಂದರು ಚಿಕ್ಕಮ್ಮ, ಕಡಸಿನ ಮುಂದೆ ಹಿಂಡಿ ಬಕೀಟು ಇಡುತ್ತಾ. "ಹುಟ್ಟಿದ್ರೆ ಇದನ್ನ ಬಯ್ಯೋಹಂಗಿಲ್ಲ, ಅಷ್ಟೇ."